ನೀಲಿ ಪಟ್ಟಿಯ ವೈರು

ಅಕ್ಕನ ನೆನಪಿನ ಕಾರ್ಯಕ್ರಮಕ್ಕೆ ಒಂಬತ್ತು ದಿನ ಉಳಿದಿರುವಾಗ ಬಡಗಿ ಅವಳ ವೈರುಗಳ ಚೀಲವನ್ನು ತನ್ನ ಕೆಲಸದ ಕೋಣೆಯ ನೆಲದ ಮೇಲೆ ಸುರಿದ. ಕೋಣೆ ಮನೆಯ ಬೆನ್ನಿಗೆ ಅಂಟಿಕೊಂಡಿತ್ತು. ಮೇಲೆ ತಗಡಿನ ಮಾಡು. ಒಂದು ಗೋಡೆಗೆ ಪ್ಲೈವುಡ್ ಹಲಗೆಗಳು ಒರಗಿದ್ದವು, ಇನ್ನೊಂದರ ಮೇಲೆ ಗರಗಸ, ಉಳಿ, ಕೀಸುಳಿಗಳು ತಂತಮ್ಮ ಮೊಳೆಗಳಿಗೆ ನೇತುಬಿದ್ದಿದ್ದವು. ನಡುವಿನ ಮೇಜನ್ನು ಕಳೆದರೆ ಉಳಿಯುತ್ತಿದ್ದ ಜಾಗದಲ್ಲಿ ಒಂದೇ ಒಂದು ದೊಡ್ಡ ಪೆಟ್ಟಿಗೆ ಹಿಡಿಯುತ್ತಿತ್ತು. ಆದ್ದರಿಂದ ಅವನು ಯಾವಾಗಲೂ ಒಂದನ್ನು ಮುಗಿಸಿ, ನುಡಿಸಿ ನೋಡಿ, ಹೊರಗೆ ಸಾಗಿಸಿದ ಮೇಲೆಯೇ ಅದರ ಜೋಡಿಗೆ ಕೈಹಾಕುತ್ತಿದ್ದ.

ಅವನು ಮಾಡುತ್ತಿದ್ದುದು ಸಬ್‌ವೂಫರ್ ಪೆಟ್ಟಿಗೆಗಳನ್ನು: ವೇದಿಕೆಯ ಮೇಲೆ ಹಾಡು ನಡೆಯುವಾಗ ಕಿವಿಗಿಂತ ಮೊದಲು ಎದೆಗೆ ತಾಗುವ ಆ ತಗ್ಗು ಸ್ವರವನ್ನು ಹೊರಡಿಸುವ, ಸೊಂಟದೆತ್ತರದ, ಇಬ್ಬರು ಹೊರಬೇಕಾದ ಕಪ್ಪು ಪೆಟ್ಟಿಗೆಗಳನ್ನು. ಒಳಗಿನ ಸ್ಪೀಕರು ಅಂಗಡಿಯಿಂದಲೇ ಬರುತ್ತದೆ. ಆದರೆ ಬರಿಯ ಸ್ಪೀಕರನ್ನು ನೆಲದ ಮೇಲಿಟ್ಟು ನುಡಿಸಿದರೆ ಅದು ಮುದುಕನ ಕೆಮ್ಮಿನಂತೆ ಕೇಳಿಸುತ್ತದೆ. ಅದರ ಬಾಯಿಯ ದುಂಡನೆಯ, ಕಂಪಿಸುವ ಹಾಳೆ ಮುಂದಕ್ಕೆ ತಳ್ಳಿದ ಗಾಳಿ ಅಂಚಿನಿಂದ ಸುತ್ತಿಕೊಂಡು ಹೋಗಿ ತನ್ನದೇ ಬೆನ್ನಿನ ಖಾಲಿಯನ್ನು ತುಂಬಿಬಿಡುತ್ತದೆ. ಕೊಟ್ಟದ್ದೂ ಕಸಿದದ್ದೂ ಸಮವಾಗಿ, ಕೇಳುವವನಿಗೆ ಏನೂ ಮಿಗುವುದಿಲ್ಲ. ಮುಂದನ್ನು ಹಿಂದಿನಿಂದ ಬೇರ್ಪಡಿಸುವುದೇ ಪೆಟ್ಟಿಗೆಯ ಕೆಲಸ. ಹಲಗೆ ನಡುಗಬಾರದು, ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಇರಬಾರದು, ಒಳಗಿನ ಗಾಳಿ ಲೆಕ್ಕಕ್ಕೆ ಸರಿಯಾಗಿ ಇರಬೇಕು. ಒಳಗೆ ಕೊಟ್ಟ ಆಸರೆಪಟ್ಟಿಗಳು ತಿನ್ನುವ ಜಾಗವನ್ನೂ ಬಡಗಿ ಬಿಡದೆ ಆ ಲೆಕ್ಕದಿಂದ ಕಳೆಯುತ್ತಿದ್ದ. ಮುಗಿದ ಪೆಟ್ಟಿಗೆಯಲ್ಲಿ ಬೇಕೆಂದೇ ಬಿಟ್ಟ ಗಾಳಿಗಂಡಿಯ ಮುಂದೆ ಅಂಗೈ ಹಿಡಿದು, ತಗ್ಗು ಸ್ವರ ನುಡಿಸಿ, ಬರುವ ಉಸಿರನ್ನು ಕಣ್ಣುಮುಚ್ಚಿ ತೂಗುತ್ತಿದ್ದ. ಐವತ್ತೆರಡರ ಆ ಮನುಷ್ಯನಿಗೆ ಅದೇ ಪರೀಕ್ಷೆ, ಅದೇ ಪ್ರಮಾಣಪತ್ರ.

ಈ ಕೆಲಸಕ್ಕೆ ಅವನನ್ನು ಎಳೆದವಳು ಅಕ್ಕ.

ಅವನಿಗಿಂತ ಏಳು ವರ್ಷ ದೊಡ್ಡವಳು. ಊರಿನ ಒಂದು ವಾದ್ಯಗೋಷ್ಠಿಗೆ ಮೈಕು, ಆಂಪ್ಲಿಫೈಯರು, ವೈರುಗಳ ಉಸ್ತುವಾರಿ ಅವಳದು. ಎಲ್ಲರೂ ಅವಳನ್ನು ತಂತಿಯಕ್ಕ ಎನ್ನುತ್ತಿದ್ದರು. ಅವಳ ಗಂಡ, ಅಂದರೆ ಭಾವ, ಬಸ್ಸು ಓಡಿಸಿ ನಿವೃತ್ತನಾದವನು. ಸಾಮಾನು ಸಾಗಿಸುವ ವ್ಯಾನಿಗೆ ಅವನೇ ಸಾರಥಿ. ಡ್ರಮ್ ಬಾರಿಸುವವನಿಗೆ ಗಡಿಯಾರ ಎಂದು ಹೆಸರು. ವೇದಿಕೆಯ ಮೇಲೆ ಅವನ ತಾಳ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ವೇದಿಕೆಗೆ ಬರುವ ಹೊತ್ತು ಮಾತ್ರ ಒಂದು ದಿನವೂ ಸರಿಯಿರುತ್ತಿರಲಿಲ್ಲ. "ನಿನ್ನ ಕೈಗೆ ಗಡಿಯಾರ ಕಟ್ಟೋ ಬದಲು ಕಾಲಿಗೆ ಕಟ್ಬೇಕಿತ್ತು ಕಣೋ," ಎಂದು ಅಕ್ಕ ಪ್ರತಿ ಸಲವೂ ಅನ್ನುತ್ತಿದ್ದಳು. ಅವನು ಪ್ರತಿ ಸಲವೂ ಹೊಸದಾಗಿ ಕೇಳಿದವನಂತೆ ನಗುತ್ತಿದ್ದ.

ಹದಿಮೂರು ವರ್ಷದ ಹಿಂದೆ ಬಡಗಿ ಒಂದು ದೊಡ್ಡ ಮರಗೆಲಸದ ಕಾರ್ಖಾನೆಯಲ್ಲಿದ್ದ. ಅವನು ಕೂರಿಸಿದ ಮರದ ಮೆಟ್ಟಿಲೊಂದು ಮುರಿದು, ಜೊತೆಗಾರನೊಬ್ಬ ಬಿದ್ದು ಸೊಂಟ ಮುರಿದುಕೊಂಡ. ತಪ್ಪು ಮರದ್ದೋ ಕೀಲಿನದ್ದೋ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ. ಕೀಲು ಬಡಗಿಯದು, ಆದ್ದರಿಂದ ಕೆಲಸ ಹೋಯಿತು. ಕೆಲಸ ಹೋದದ್ದಕ್ಕಿಂತ ಹೆಚ್ಚಿನದೊಂದು ಅದರ ಜೊತೆಗೇ ಹೋಯಿತು: ತನ್ನ ಕೈಯ ಮೇಲೆ ಅವನಿಗಿದ್ದ ನಂಬಿಕೆ. ಏಳು ತಿಂಗಳು ಮನೆಯಲ್ಲೇ ಕೂತ. ಕಾಲು ಮುರಿದ ಕುರ್ಚಿಗೆ ಒಂದು ಮೊಳೆ ಹೊಡೆಯಿರಿ ಎಂದು ಹೆಂಡತಿ ಕೇಳಿದರೆ, ಪಕ್ಕದ ಬೀದಿಯವನನ್ನು ಕರೆಸು ಎನ್ನುತ್ತಿದ್ದ. ಅವನ ಕಿವಿಗೆ ಬೀಳುವಂತೆ ಅವಳು ಕುರ್ಚಿಗೇ ಹೇಳಿದಳು: "ನೋಡಪ್ಪಾ, ಬಡಗಿ ಮನೇಲಿದ್ಕೊಂಡು ನಿಂಗೆ ಮೂರೇ ಕಾಲು."

ಆಗ ಅಕ್ಕ ಒಂದು ದಿನ ವ್ಯಾನಿನಲ್ಲಿ ಎರಡು ಭಾರೀ ಸ್ಪೀಕರುಗಳನ್ನು ಹೇರಿಕೊಂಡು ಬಂದಳು.

"ಏ ಮೊದ್ದು, ಇವಕ್ಕೆ ಎರಡು ಪೆಟ್ಟಿಗೆ ಮಾಡ್ಕೊಡು," ಎಂದಳು. ಚಿಕ್ಕಂದಿನಿಂದ ಅವಳು ಅವನನ್ನು ಕರೆಯುತ್ತಿದ್ದುದೇ ಹಾಗೆ.

"ನನ್ನ ಕೈಲಾಗಲ್ಲಕ್ಕ."

"ಸರಿ ಬಿಡು, ಇವು ಇಲ್ಲೇ ಬಿದ್ದಿರ್ಲಿ. ವಾಪಸ್ ಹೊರೋಕೆ ನಿಮ್ಮ ಭಾವಂಗೆ ಬೆನ್ನು ನೋವು."

ಭಾವ ಆ ಕ್ಷಣವೇ ಬೆನ್ನು ಹಿಡಿದುಕೊಂಡ. ಸ್ಪೀಕರುಗಳು ನಡುಮನೆಯಲ್ಲಿ ಉಳಿದವು. ನಾಲ್ಕು ದಿನ ಅವುಗಳನ್ನು ಸುತ್ತಿ ಓಡಾಡಿದ ಬಡಗಿ ಐದನೆಯ ದಿನ ಅಳತೆಯ ಪಟ್ಟಿ ಹುಡುಕಿದ.

ಆ ಮೊದಲ ಜೋಡಿಗೆ ಅವನು ಎರಡೂವರೆ ತಿಂಗಳು ತೆಗೆದುಕೊಂಡ. ಜೋಡಿ ಎಂದರೆ ಬಡಗಿಯ ಕಣ್ಣಿಗೆ ಜೋಡಿ ಕದ: ಎಡಗದಕ್ಕೆ ಚಿಲಕ ಬಲಗಡೆ, ಬಲಗದಕ್ಕೆ ಎಡಗಡೆ, ಮುಚ್ಚಿದಾಗ ಒಂದು ಇನ್ನೊಂದರ ಬಿಂಬ. ಹಾಗೆಯೇ ಮಾಡಿದ. ಒಂದರ ಗಾಳಿಗಂಡಿ ಎಡಕ್ಕೆ, ಇನ್ನೊಂದರದು ಬಲಕ್ಕೆ. ಹಿಡಿಕೆ, ಮೂಲೆ, ಒಳಗಿನ ಆಸರೆಪಟ್ಟಿ ಎಲ್ಲವೂ ಕನ್ನಡಿ ಹಿಡಿದಂತೆ ಎದುರುಬದುರು. ಬೆನ್ನಿಗೆ ವೈರು ಸಿಕ್ಕಿಸುವ ತಗಡಿನ ಫಲಕ ಕೂರಿಸಿ, ಅಂಟು ಹಾಕಿ, ತಿರುಪುಗಳ ತಲೆಯ ಮೇಲೂ ಕಪ್ಪು ಬಣ್ಣ ಬಳಿದುಬಿಟ್ಟ. ಮತ್ತೆ ತೆರೆಯುವ ಪ್ರಸಂಗವೇ ಬಾರದಂತೆ ಮಾಡಿದ್ದೇನೆ ಎಂಬುದು ಅವನ ಹೆಮ್ಮೆ.

ಮೊದಲ ಕಾರ್ಯಕ್ರಮದ ದಿನ ಮಧ್ಯಾಹ್ನ, ಇನ್ನೂ ಜನರಿಲ್ಲದ ಸಭಾಂಗಣದಲ್ಲಿ ಅಕ್ಕ ಎರಡನ್ನೂ ವೇದಿಕೆಯ ಎರಡು ಬದಿಗಿಟ್ಟು ನುಡಿಸಿದಳು. ಬಡಗಿ ಎಡಗಡೆಯ ಪೆಟ್ಟಿಗೆಯ ಪಕ್ಕದಲ್ಲೇ ನಿಂತಿದ್ದ. ಅದರ ಬೆನ್ನಿನ ಮೇಲೆ ಅಂಗೈ ಇಟ್ಟ. ಹಲಗೆ ಕಲ್ಲಿನಂತೆ ಅಲುಗದೆ ನಿಂತಿತ್ತು. ಗಂಡಿಯಿಂದ ಬಂದ ಉಸಿರು ಅವನ ಪಂಚೆಯ ಅಂಚನ್ನು ಎತ್ತಿತು. ಏಳು ತಿಂಗಳಲ್ಲಿ ಅಳದವನು ಅಲ್ಲಿ ಅತ್ತ. ಅಕ್ಕ ಸಭಾಂಗಣದ ನಡುವೆ ನಿಂತು ಅವನನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ ಗೋಡೆಯವರೆಗೆ ನಡೆದಳು, ಮತ್ತೆ ನಡುವಿಗೆ ಬಂದಳು.

"ಹೆಂಗಿದೆ ಅಕ್ಕ?"

"ಫಸ್ಟ್ ಕ್ಲಾಸ್," ಎಂದಳು. "ನೀನು ಹೋಗಿ ಕಾಫಿ ಕುಡ್ಕೊಂಡ್ ಬಾ. ನಂದು ಸ್ವಲ್ಪ ವೈರಿನ ಕೆಲಸ ಇದೆ."

ಅವನು ಕಾಫಿ ಕುಡಿದು ಬರುವಷ್ಟರಲ್ಲಿ ಒಂದು ವೈರಿನ ತುದಿಗೆ ನೀಲಿ ಪಟ್ಟಿ ಸುತ್ತಿತ್ತು. ಸಂಜೆ ಸಭಾಂಗಣದ ಕಿಟಕಿಗಳು ಝಲ್ಲೆಂದವು. ಮಾರನೆಯ ವಾರ ಅಕ್ಕ ಅವನಿಗೊಂದು ಉಡುಗೊರೆ ತಂದಳು: ಒಂದು ಸಣ್ಣ ಬ್ಯಾಟರಿ, ಅದಕ್ಕೆ ಬೆಸೆದ ಎರಡು ತುಂಡು ವೈರು. "ಇನ್ಮೇಲೆ ಯಾವ ಪೆಟ್ಟಿಗೆ ಮುಚ್ಚೋ ಮೊದಲೂ ಇದನ್ನ ಒಂದ್ಸಲ ಮುಟ್ಸು. ಹಾಳೆ ಮುಂದಕ್ಕೆ ಹಾರಿದ್ರೆ ಸರಿ. ಒಳಕ್ಕೆ ಹೋದ್ರೆ ಪ್ಲಸ್ಸು ಮೈನಸ್ಸು ತಿರುವುಮುರುವು ಅಂತ." ಅಕ್ಕನ ಚಾಳಿಯೇ ಇದು, ಕೆಲಸದವನಿಗೆ ಕೆಲಸ ಕಲಿಸುವುದು ಎಂದುಕೊಂಡರೂ ಅವನು ಹಾಗೆಯೇ ಮಾಡುತ್ತ ಬಂದ. ಎರಡನೆಯ ಜೋಡಿಯಲ್ಲಿ ಒಂದರ ಹಾಳೆ ಒಳಕ್ಕೆ ಹೋಯಿತು. ಬೆಸುಗೆ ಬಿಡಿಸಿ ಸರಿಮಾಡಿದ. ಆದರೆ ಆಗಲೇ ಮುಚ್ಚಿ, ಬಣ್ಣ ಬಳಿದು, ಊರಿನ ಬಾಯಲ್ಲಿ ಹೊಗಳಿಸಿಕೊಳ್ಳುತ್ತಿದ್ದ ಮೊದಲ ಜೋಡಿಯ ಕಡೆ ಅವನ ಮನಸ್ಸು ಒಮ್ಮೆಯೂ ಹೊರಳಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲ.

ಆ ಜೋಡಿಯಿಂದಲೇ ಅವನು ಮತ್ತೆ ಬಡಗಿಯಾದ. ಊರೂರಿನ ವಾದ್ಯಗೋಷ್ಠಿಗಳವರು ಹುಡುಕಿಕೊಂಡು ಬಂದರು. ಹೆಂಡತಿಯ ಕುರ್ಚಿಗೂ ನಾಲ್ಕನೆಯ ಕಾಲು ಬಂತು.

ಅಕ್ಕನಿಗೂ ಅವನಿಗೂ ಕೆಟ್ಟದ್ದು ಐದು ವರ್ಷದ ಹಿಂದೆ. ಒಂದು ಕಾರ್ಯಕ್ರಮಕ್ಕೆ ವ್ಯಾನು ತಡವಾಗಿ ತಲುಪಿತ್ತು. ಅಕ್ಕ ಮೈಕುಗಳ ನಡುವೆ ಸಿಕ್ಕಿಕೊಂಡಿದ್ದಳು. ಸಹಾಯವಾಗಲಿ ಎಂದು ಬಡಗಿ ಕೈಗೆ ಸಿಕ್ಕ ಎರಡು ವೈರುಗಳನ್ನು ತನ್ನ ಎರಡು ಪೆಟ್ಟಿಗೆಗಳಿಗೆ ಸಿಕ್ಕಿಸಿದ. ಅಕ್ಕ ವೇದಿಕೆಯಾಚೆಯಿಂದ ಓಡಿ ಬಂದು ಎರಡನ್ನೂ ಕಿತ್ತಳು.

"ಎಷ್ಟು ಸಲ ಹೇಳ್ಬೇಕೋ ನಿಂಗೆ? ಮರ ಮುಟ್ಟು, ವೈರು ಮುಟ್ಬೇಡ!"

ಗಡಿಯಾರ ಬೇರೆಲ್ಲೋ ನೋಡಿದ. ಗಾಯಕಿ ಹಾಡಿನ ಹಾಳೆ ತಿರುವಿದಳು. ನಲವತ್ತೇಳು ವರ್ಷದ ಗಂಡಸು ಎಲ್ಲರೆದುರು ಕೈ ಸುಟ್ಟುಕೊಂಡ ಮಗುವಿನಂತೆ ನಿಂತ.

"ಎರಡು ವೈರು ಸಿಕ್ಸೋ ಯೋಗ್ಯತೇನೂ ನಂಗಿಲ್ವಾ ಅಕ್ಕ?"

ಅಕ್ಕನ ಬಾಯಿ ತೆರೆಯಿತು. ಅವಳು ಅವನ ಮುಖ ನೋಡಿದಳು, ಸುತ್ತ ನಿಂತವರನ್ನು ನೋಡಿದಳು, ಬಾಯಿ ಮುಚ್ಚಿಕೊಂಡಳು. ಆ ಮೌನವನ್ನು ಅವನು ಹೌದು ಎಂದು ಓದಿಕೊಂಡ. ಅಂದಿನಿಂದ ಕಾರ್ಯಕ್ರಮಗಳಿಗೆ ಹೋಗುವುದನ್ನು ಬಿಟ್ಟ. ಮಾತು ಪೂರ್ತಿ ನಿಲ್ಲಲಿಲ್ಲ. ಎಷ್ಟು ಬೇಕೋ ಅಷ್ಟಕ್ಕೆ ಇಳಿಯಿತು. ಅಕ್ಕ ಮನೆಗೆ ಬಂದರೆ ಅವನಿಗೆ ಕೋಣೆಯಲ್ಲಿ ಉಪ್ಪುಕಾಗದ ಉಜ್ಜುವ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಕೊನೆಗೆ ಅವಳ ಶ್ವಾಸಕೋಶದಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಇದ್ದಳು. ಹತ್ತನೆಯ ದಿನ ಬಡಗಿ ಹೋದಾಗ ಅವಳು ಮೂಗಿನ ನಳಿಕೆಯನ್ನು ಸರಿಸಿಕೊಂಡು, ತುಂಡುತುಂಡಾಗಿ ಹೇಳಿದಳು: "ಮೊದ್ದು... ಆ ನೀಲಿ ಪಟ್ಟಿ ವೈರು ಇದೆಯಲ್ಲ... ಅದು ಹಾಗೇ ಇರ್ಲಿ. ಬಿಚ್ಬೇಡ."

ಅವನ ಮೈಯೆಲ್ಲ ಉರಿಯಿತು. ಸಾಯುವ ಹೊತ್ತಿನಲ್ಲೂ ವೈರು.

"ಆಯ್ತಮ್ಮಾ. ನಿನ್ನ ವೈರು ನಿನ್ನ ಹತ್ರಾನೇ ಇಟ್ಕೋ."

"ಹಂಗಲ್ವೋ... ಒಂದು ಮಾತಿದೆ. ಕೂತ್ಕೋ."

"ಅಂಟು ಹಾಕಿಟ್ಟು ಬಂದಿದೀನಿ ಅಕ್ಕ, ಒಣಗೋದ್ರೊಳಗೆ ಬಿಗೀಬೇಕು. ನಾಳೆ ಬರ್ತೀನಿ."

ಅಂಟು ಹಾಕಿಟ್ಟದ್ದು ಸುಳ್ಳಲ್ಲ. ಇಪ್ಪತ್ತು ನಿಮಿಷದಲ್ಲಿ ಬಿಗಿಯದಿದ್ದರೆ ಕೆಡುತ್ತದೆ ಎಂಬುದೂ ಸುಳ್ಳಲ್ಲ. ಆದರೆ ಆಸ್ಪತ್ರೆಗೆ ಬರುವ ದಾರಿಯಲ್ಲೇ ಆ ಇಪ್ಪತ್ತು ನಿಮಿಷ ಕಳೆದಿತ್ತು ಎಂಬುದು ಅವನಿಗೂ ಗೊತ್ತಿತ್ತು. ಮಾರನೆಯ ದಿನ ಬೆಳಿಗ್ಗೆ ಅವನು ಅಂಗಿ ಹಾಕಿಕೊಳ್ಳುತ್ತಿರುವಾಗ ಭಾವನ ಫೋನು ಬಂತು.

ಈಗ, ಎರಡು ತಿಂಗಳ ಮೇಲೆ, ಆ ವೈರುಗಳು ಅವನ ನೆಲದ ಮೇಲೆ ಹಾವಿನ ಹಿಂಡಿನಂತೆ ಬಿದ್ದಿದ್ದವು. ಗೋಷ್ಠಿಯವರು ಅಕ್ಕನ ನೆನಪಿಗೆ ಒಂದು ಸಂಜೆ ಹಾಡುವುದೆಂದು ನಿಶ್ಚಯಿಸಿದ್ದರು. ಅದೇ ಸಭಾಂಗಣ, ಅದೇ ಮೊದಲ ಜೋಡಿ ಪೆಟ್ಟಿಗೆ. ವೈರಿನ ಉಸ್ತುವಾರಿಯನ್ನು ಬಡಗಿ ತಾನೇ ಕೇಳಿ ಪಡೆದಿದ್ದ. ಅಕ್ಕ ಬದುಕಿರುವಾಗ ಅವಳಿಗೆ ಕೊಡದೆ ಹೋದದ್ದನ್ನು ಆ ಒಂದು ಸಂಜೆಯಲ್ಲಿ ಕೊಟ್ಟುಬಿಡಬೇಕು, ಕುಂದಿಲ್ಲದಂತೆ ಕೊಡಬೇಕು ಎಂಬ ಹಟ ಅವನಲ್ಲಿ ಕೂತಿತ್ತು. ಒಂದೊಂದೇ ಪ್ಲಗ್ಗು ಬಿಚ್ಚಿ, ಹಳೆಯ ಬೆಸುಗೆ ತೆಗೆದು, ಹೊಸದು ಹಾಕುತ್ತ ಹೋದ. ನೀಲಿ ಪಟ್ಟಿಯದು ಕೈಗೆ ಬಂದಾಗ ಸ್ವಲ್ಪ ತಡೆದ. ಬಿಚ್ಚಬೇಡ ಎಂದಿದ್ದಳು. ಆದರೆ ಅದರ ಕತ್ತು ಸಡಿಲವಾಗಿ ವೈರು ಅಲುಗಾಡುತ್ತಿತ್ತು. ಹಾಗೇ ಬಿಟ್ಟರೆ ಅಂದೇ ಕೈಕೊಟ್ಟೀತು. ಬಿಚ್ಚಿದ.

ಒಳಗೆ ಕೆಂಪು ವೈರು ಮೈನಸ್ಸಿಗೂ ಕಪ್ಪು ಪ್ಲಸ್ಸಿಗೂ ಸೇರಿತ್ತು.

ಅವನು ಕನ್ನಡಕ ಒರೆಸಿ ಮತ್ತೆ ನೋಡಿದ. ಇನ್ನೊಂದು ತುದಿ ಬಿಚ್ಚಿದ; ಅಲ್ಲಿ ಸರಿಯಾಗಿತ್ತು. ಅಂದರೆ ತಪ್ಪು ಒಂದೇ ತುದಿಯಲ್ಲಿ. ಅಂದರೆ ತಂತಿಯಕ್ಕ, ವೈರು ಮುಟ್ಬೇಡ ಎಂದು ಊರೆದುರು ಅವನ ಮಾನ ತೆಗೆದ ತಂತಿಯಕ್ಕ, ಹನ್ನೆರಡು ವರ್ಷ ತಪ್ಪು ವೈರು ಹಿಡಿದುಕೊಂಡು ಊರೂರು ತಿರುಗಿದ್ದಳು. ಬಡಗಿಗೆ ನಗು ಬಂತು, ಒಳಗಿನಿಂದ ಏನನ್ನೋ ಕಿತ್ತುಕೊಂಡು ಬಂತು. ಅದಕ್ಕೇ ಮುಟ್ಟಗೊಡುತ್ತಿರಲಿಲ್ಲ, ಅದಕ್ಕೇ ಬಿಚ್ಚಬೇಡ ಎಂದದ್ದು ಎಂದುಕೊಂಡ. ತಪ್ಪನ್ನು ಸರಿಮಾಡಿದ. ಮಾಸಿದ ನೀಲಿ ಪಟ್ಟಿಯನ್ನು ಸುಲಿದು ಕಸದ ಡಬ್ಬಿಗೆ ಎಸೆದ.

ಸರಿಮಾಡಿ ಸುಮ್ಮನಿರಬಹುದಿತ್ತು, ಇರಲಿಲ್ಲ. ಅಂದು ಸಂಜೆ ಭಾವನ ಜಗಲಿಯಲ್ಲಿ ಚಹಾ ಕುಡಿಯುವಾಗ ಗಡಿಯಾರನೂ ಇದ್ದ.

"ಗೊತ್ತಾಯ್ತೇನೋ ನಿಮ್ಮ ತಂತಿಯಕ್ಕನ ಗುಟ್ಟು?" ಎಂದ ಬಡಗಿ. "ಹನ್ನೆರಡು ವರ್ಷ ಉಲ್ಟಾ ವೈರು ಹಾಕ್ಕೊಂಡು ಓಡಾಡಿದಾಳೆ ಮಹಾತಾಯಿ! ನಂಗೆ ಮಾತ್ರ ಮುಟ್ಬೇಡ ಅಂತ ಪಾಠ."

"ಅಕ್ಕಾನಾ? ಉಲ್ಟಾನಾ?" ಎಂದು ಗಡಿಯಾರ ಅರ್ಧ ನಕ್ಕ. "ಬಿಡಣ್ಣ, ಕಣ್ಣು ಮಂಜಾಗಿದ್ವೇನೋ."

ಭಾವ ನಗಲಿಲ್ಲ. ಲೋಟವನ್ನು ನೆಲಕ್ಕಿಟ್ಟು, "ಅವಳು ಇಲ್ಲ ಕಣಯ್ಯಾ," ಎಂದ. "ಇದ್ದಿದ್ರೆ ಉತ್ತರ ಕೊಡ್ತಿದ್ಲು."

ಕಾರ್ಯಕ್ರಮದ ದಿನ ಗಡಿಯಾರ ಎಂದಿನಂತೆ ತಡವಾಗಿ ಬಂದ. ನುಡಿಸಿ ನೋಡಲು ಹೊತ್ತು ಸಿಗಲಿಲ್ಲ. ಜನ ತುಂಬಿದ್ದರು. ಅಕ್ಕ ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ, ಸಭಾಂಗಣದ ನಟ್ಟನಡುವೆ, ಭಾವನಿಗೆ ಕುರ್ಚಿ ಹಾಕಿದ್ದರು. ಬಡಗಿ ಹನ್ನೆರಡು ವರ್ಷದ ಹಿಂದಿನಂತೆಯೇ ಎಡಗಡೆಯ ಪೆಟ್ಟಿಗೆಯ ಪಕ್ಕ ನಿಂತ. ಮೊದಲ ಹಾಡು ಶುರುವಾಯಿತು. ಅವನ ಅಂಗೈಗೆ ಉಸಿರು ತಾಗಿತು. ಎಲ್ಲ ಸರಿಯಿದೆ ಎನ್ನಿಸಿತು.

ಎರಡನೆಯ ಹಾಡಿನ ಹೊತ್ತಿಗೆ ನಡುವಿನ ಸಾಲುಗಳಲ್ಲಿ ಜನ ಒಬ್ಬರನ್ನೊಬ್ಬರು ನೋಡತೊಡಗಿದರು. ಭಾವ ತಲೆ ತಗ್ಗಿಸಿ ಕೂತಿದ್ದ. ಬಡಗಿ ವೇದಿಕೆಯಿಂದ ಇಳಿದು ಅವನ ಬಳಿಗೆ ನಡೆದ. ಒಂದೊಂದು ಹೆಜ್ಜೆಗೂ ಕಾಲ ಕೆಳಗಿನಿಂದ ಯಾರೋ ನೆಲ ಎಳೆದುಕೊಂಡಂತೆ ಆ ತಗ್ಗು ಸ್ವರ ಕರಗುತ್ತ ಹೋಯಿತು. ನಡುವನ್ನು ತಲುಪಿದಾಗ ಏನೂ ಉಳಿದಿರಲಿಲ್ಲ. ಗಾಯಕಿಯ ದನಿ ಇತ್ತು, ತಂತಿವಾದ್ಯದ ಕಿಣಿಕಿಣಿ ಇತ್ತು. ಗಡಿಯಾರನ ದೊಡ್ಡ ಡ್ರಮ್ಮು ಮಾತ್ರ ಮುಚ್ಚಿದ ಬಾಗಿಲನ್ನು ಯಾರೋ ಬೆರಳ ಗೆಣ್ಣಿನಿಂದ ತಟ್ಟಿದಂತೆ ಕೇಳುತ್ತಿತ್ತು. ಬಡಗಿ ಓಡಿಹೋಗಿ ಆಂಪ್ಲಿಫೈಯರಿನ ಗುಂಡಿ ತಿರುಗಿಸಿದ. ಗೋಡೆಯ ಬದಿಯವರು ಕಿವಿ ಮುಚ್ಚಿಕೊಂಡರು. ನಡುವಿನವರಿಗೆ ಆಗಲೂ ಏನೂ ಸಿಗಲಿಲ್ಲ. ಹಾಡುಗಳು ಹಾಗೆಯೇ, ಬೆನ್ನುಮೂಳೆಯಿಲ್ಲದೆ, ಮುಗಿದವು. ಜನ ಮೆಲ್ಲಗೆ ಚಪ್ಪಾಳೆ ತಟ್ಟಿದರು, ನೆನಪಿನ ಸಭೆಗೆ ತಕ್ಕಷ್ಟು.

"ಅಕ್ಕ ಹೋದ್ಮೇಲೆ ಪೆಟ್ಟಿಗೇಲಿ ಜೀವ ಇಲ್ಲ ಕಣಣ್ಣ," ಎಂದ ಗಡಿಯಾರ, ಸಾಮಾನು ಕಟ್ಟುವಾಗ. "ಅವೂ ದುಃಖ ಮಾಡ್ತಾ ಇವೆ."

ಗೋಷ್ಠಿಯ ಬಹಳ ಜನ ಅದನ್ನು ನಂಬಿದರು. ನಂಬಲು ಹಿತವಾದ ಮಾತು ಅದು. ಬಡಗಿಗೂ ಆ ಕ್ಷಣಕ್ಕೆ ನಂಬಬೇಕೆನ್ನಿಸಿತು. ಆದರೆ ಗಾಳಿಗೆ ಅಕ್ಕನ ಪರಿಚಯವಿಲ್ಲ; ಹಲಗೆಗೆ ತಾನು ಯಾರ ಕೈಯಲ್ಲಿ ಆಯಿತೆಂಬುದೂ ತಿಳಿಯದು. ಗೋಡೆಯ ಬದಿ ಕೂತವರು ಚೆನ್ನಾಗಿತ್ತು ಎಂದರು, ನಡುವೆ ಕೂತವರು ಕೇಳಿಸಲೇ ಇಲ್ಲ ಎಂದರು. ದುಃಖವಾಗಿದ್ದರೆ ಕುರ್ಚಿ ನೋಡಿ ಬರುತ್ತಿರಲಿಲ್ಲ. ಈ ಯೋಚನೆ ಅವನನ್ನು ಮಲಗಗೊಡಲಿಲ್ಲ.

ಎರಡೂ ಪೆಟ್ಟಿಗೆಗಳನ್ನು ಮನೆಗೆ ತರಿಸಿದ. ಒಂದನ್ನು ಕೋಣೆಯೊಳಗೆ ತಂದು ನುಡಿಸಿದ, ಚೆನ್ನಾಗಿತ್ತು. ಅದನ್ನು ಹೊರಗೆ ಹಾಕಿ ಇನ್ನೊಂದನ್ನು ತಂದ, ಅದೂ ಚೆನ್ನಾಗಿತ್ತು. ಮೂರು ದಿನ ಹೀಗೆಯೇ ಒಳಗೆ ಹೊರಗೆ. ಮೂಲೆಗಳಿಗೆ ಕಿವಿಯಿಟ್ಟ, ಗಂಡಿಗೆ ಕೈ ಹಿಡಿದ, ಅಗರಬತ್ತಿಯ ಹೊಗೆ ಹಿಡಿದು ಸಂದಿ ಹುಡುಕಿದ. ನಾಲ್ಕನೆಯ ದಿನ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಅಲ್ಲಿ ಹಾಳಾಗಿದ್ದು ಎರಡೂ ಒಟ್ಟಿಗೆ ಇದ್ದಾಗ ತಾನೇ? ಇಲ್ಲಿ ಒಂದೊಂದನ್ನೇ ಕರೆದು ವಿಚಾರಿಸಿದ್ರೆ ಏನು ಹೇಳ್ತಾವೆ?" ಎಂದಳು.

ಬಡಗಿ ಕೈಯಲ್ಲಿದ್ದುದನ್ನು ಕೆಳಗಿಟ್ಟ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅವನು ತನ್ನ ಯಾವ ಜೋಡಿಯನ್ನೂ ಮನೆಯಲ್ಲಿ ಒಟ್ಟಿಗೆ ನುಡಿಸಿ ಕೇಳಿರಲಿಲ್ಲ. ಜಾಗವಿರಲಿಲ್ಲ, ಅಷ್ಟೇ.

ಹಿತ್ತಿಲಿಗೆ ಎರಡನ್ನೂ ಎಳೆದು, ಹತ್ತು ಹೆಜ್ಜೆ ದೂರದಲ್ಲಿಟ್ಟು ನುಡಿಸಿ, ನಡುವೆ ಹೋಗಿ ನಿಂತ. ಸದ್ದಿಲ್ಲ. ಒಂದನ್ನು ಕಿತ್ತ, ತಗ್ಗು ಸ್ವರ ಎದ್ದು ಬಂದು ಎದೆಗೆ ಬಡಿಯಿತು. ಮತ್ತೆ ಸೇರಿಸಿದ, ಹೋಯಿತು. ಒಂದು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತಿತ್ತು. ನಡುವಿನಲ್ಲಿ ನಿಂತವನ ಪಾಲಿಗೆ ಬರಿಯ ಸೊನ್ನೆ. ಬಡಗಿ ಕೋಣೆಗೆ ಹೋಗಿ, ಮೊಳೆಗೆ ತೂಗುಹಾಕಿದ್ದ ಬ್ಯಾಟರಿಯನ್ನು ತಂದ.

ಎಡದ ಪೆಟ್ಟಿಗೆಗೆ ಮುಟ್ಟಿಸಿದ. ಹಾಳೆ ಮುಂದಕ್ಕೆ ಹಾರಿತು.

ಬಲದ್ದಕ್ಕೆ ಮುಟ್ಟಿಸಿದ. ಹಾಳೆ ಮೆಲ್ಲಗೆ ಒಳಕ್ಕೆ ಸರಿಯಿತು, ಯಾರೋ ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡಂತೆ.

ಬೆನ್ನಿನ ಫಲಕದ ಮುಂದೆ ಅವನು ಕುಕ್ಕರಗಾಲಲ್ಲಿ ಕೂತ. ತಿರುಪುಗಳ ತಲೆಯ ಮೇಲೆ ಅವನೇ ಬಳಿದ ಕಪ್ಪು ಬಣ್ಣ ಹನ್ನೆರಡು ವರ್ಷದ ಮೇಲೂ ಬಿರುಕು ಬಿಟ್ಟಿರಲಿಲ್ಲ; ಯಾರೂ ಅದನ್ನು ತೆರೆದಿರಲಿಲ್ಲ. ಒಳಗಿನ ಬೆಸುಗೆ ಅವನೊಬ್ಬನದೇ. ಜೋಡಿ ಕದ. ಎಡದ್ದರಲ್ಲಿ ಕೆಂಪು ವೈರನ್ನು ಸ್ಪೀಕರಿನ ಎಡಗಾಲಿಗೆ, ಅಂದರೆ ಪ್ಲಸ್ಸಿನ ತುದಿಗೆ, ಬೆಸೆದವನು, ಬಲದ್ದರಲ್ಲಿ ಬಿಂಬ ಕೆಡದಂತೆ ಬಲಗಾಲಿಗೆ, ಮೈನಸ್ಸಿಗೆ, ಬೆಸೆದಿದ್ದ. ಬಾಗಿಲಿಗೆ ಸರಿ. ಹಿಡಿಕೆಯ ಅಡಿಯಲ್ಲಿ, ಯಾರೂ ನೋಡದ ಜಾಗದಲ್ಲಿ, ಉಗುರಿನಷ್ಟು ಒಂದು ನೀಲಿ ಚುಕ್ಕೆ ಇತ್ತು. ಅದನ್ನು ಅವನು ಎಷ್ಟೋ ಸಲ ಕಂಡಿದ್ದ, ಬಣ್ಣ ಸಿಡಿದದ್ದು ಎಂದುಕೊಂಡಿದ್ದ.

ಸಭಾಂಗಣದ ನಡುವೆ ನಿಂತು ಅಕ್ಕ ತನ್ನನ್ನು ನೋಡಿದ ನೋಟ ಅವನಿಗೆ ನೆನಪಾಯಿತು. ಅವಳು ಅಲ್ಲಿ ಏನೂ ಕೇಳಿಸಿಕೊಂಡಿರಲಿಲ್ಲ. ಏಳು ತಿಂಗಳ ಮೇಲೆ ಎದ್ದ ತಮ್ಮ ಪೆಟ್ಟಿಗೆ ತಬ್ಬಿಕೊಂಡು ಅಳುವುದನ್ನು ಮಾತ್ರ ಕಂಡಿದ್ದಳು.

ಮಧ್ಯಾಹ್ನದ ಬಿಸಿಲಲ್ಲೇ ಭಾವನ ಮನೆಗೆ ನಡೆದ. ಭಾವ ಜಗಲಿಯಲ್ಲಿ ವ್ಯಾನಿನ ಕನ್ನಡಿ ಒರೆಸುತ್ತಿದ್ದ.

"ಭಾವ, ತಪ್ಪು ಅಕ್ಕಂದಲ್ಲ."

"ಯಾವ್ದಯ್ಯಾ?"

"ವೈರು. ಅವಳು ಬೇಕಂತಲೇ ತಿರುಗಿಸಿದ್ಲು. ಪೆಟ್ಟಿಗೆ ಒಳಗೆ ನಾನು ಉಲ್ಟಾ ಹಾಕಿದ್ದೆ. ಮೊದಲ ದಿನಾನೇ ಅವಳಿಗೆ ಗೊತ್ತಾಗಿದೆ." ಅವನು ಜಗಲಿಯ ಕಂಬ ಹಿಡಿದುಕೊಂಡ. "ನಿಮ್ಮ ಜಗಲೀಲಿ ಕೂತ್ಕೊಂಡು ಅವಳನ್ನ ಆಡ್ಕೊಂಡೆ ನಾನು."

ಭಾವ ಬಟ್ಟೆಯನ್ನು ಮಡಚಿದ, ಮತ್ತೆ ಬಿಡಿಸಿದ. "ಆವತ್ತು ಮನೆಗೆ ಬರ್ತಾ ವ್ಯಾನಲ್ಲಿ ಹೇಳಿದ್ಲು. ಪೆಟ್ಟಿಗೆ ಬಂಗಾರದ ಹಾಗೆ ಮಾಡಿದಾನೆ ರೀ, ಒಂದೇ ಒಂದು ಸಣ್ಣ ವಿಷಯ, ಅದನ್ನ ನಾನು ನೋಡ್ಕೋತೀನಿ ಅಂತ. ಏನು ಅಂದೆ. ನಿಮ್ಗೆ ಹೇಳಿದ್ರೆ ನಿಮ್ಮ ಬಾಯಲ್ಲಿ ನಿಲ್ಲಲ್ಲ ಅಂದ್ಲು." ಅವನು ಸ್ವಲ್ಪ ನಕ್ಕ, ನಗು ಅರ್ಧಕ್ಕೇ ನಿಂತಿತು. "ಅದೇ ಇದು ಅಂತ ಈಗ ಗೊತ್ತಾಯ್ತು."

"ಆಸ್ಪತ್ರೇಲಿ ಕೂತ್ಕೋ ಅಂದ್ಲು ಭಾವ. ನಾನು ಕೂರ್ಲಿಲ್ಲ."

ಭಾವ ಕನ್ನಡಿಯನ್ನು ಒರೆಸುತ್ತಲೇ ಇದ್ದ, ಅದು ಯಾವಾಗಲೋ ಶುಭ್ರವಾಗಿತ್ತು.

ಮುಂದಿನ ಭಾನುವಾರ ಮಧ್ಯಾಹ್ನ ಗೋಷ್ಠಿಯವರು ಅದೇ ಸಭಾಂಗಣದಲ್ಲಿ ಅಭ್ಯಾಸಕ್ಕೆ ಸೇರಿದರು. ವ್ಯಾನು ತಂದ ಭಾವ ನಡುವಿನ ಸಾಲಿನ ಒಂದು ಕುರ್ಚಿಯಲ್ಲಿ ಕೂತಿದ್ದ. ಬಡಗಿ ಐದು ವರ್ಷದ ಮೇಲೆ ಯಾರೂ ಕರೆಯದಿದ್ದರೂ ಹೋದ. ಪ್ಲಗ್ಗಿನೊಳಗೆ ಕೆಂಪನ್ನು ಮತ್ತೆ ಮೈನಸ್ಸಿಗೆ, ಕಪ್ಪನ್ನು ಪ್ಲಸ್ಸಿಗೆ ಬೆಸೆದಿದ್ದ. ಕಸದ ಡಬ್ಬಿಗೆ ಎಸೆದ ಪಟ್ಟಿ ಸಿಗಲಿಲ್ಲ. ಹೊಸದು ತಂದು ಸುತ್ತಿದ್ದ. ಅದರ ನೀಲಿ ಚುಕ್ಕೆಯ ನೀಲಿಗೆ ಹೊಂದುತ್ತಿರಲಿಲ್ಲ.

ಅಂದು ಗಡಿಯಾರ ಹೊತ್ತಿಗೆ ಮುಂಚೆಯೇ ಬಂದಿದ್ದ. ಬೈಯಲು ಯಾರೂ ಇಲ್ಲದ ಮೇಲೆ ಅವನಿಗೆ ತಡಮಾಡುವುದೂ ರುಚಿಸುತ್ತಿರಲಿಲ್ಲವೇನೋ. ಸಹಾಯವಾಗಲಿ ಎಂದು ಅವನು ನೀಲಿ ಪಟ್ಟಿಯ ವೈರು ಎತ್ತಿಕೊಂಡು ಎಡದ ಪೆಟ್ಟಿಗೆಯ ಕಡೆ ಬಗ್ಗಿದ.

"ಮುಟ್ಬೇಡ!"

ತನ್ನ ಬಾಯಿಂದ ಬಂದದ್ದನ್ನು ಕೇಳಿ ಬಡಗಿಯೇ ಬೆಚ್ಚಿದ. ಗಡಿಯಾರ ವೈರು ಹಿಡಿದುಕೊಂಡೇ ನಿಂತ. ಗಾಯಕಿ ಹಾಳೆಯಿಂದ ತಲೆಯೆತ್ತಿದಳು. ಎಲ್ಲರೂ ನೋಡುತ್ತಿದ್ದರು.

"ಅದು ಬಲಗಡೇದಕ್ಕೆ, ನೀಲಿ ಚುಕ್ಕೆ ಇರೋದಕ್ಕೆ," ಎಂದ ಬಡಗಿ. ಒಂದು ಉಸಿರು ತೆಗೆದುಕೊಂಡ. "ಯಾಕೆ ಅಂತ ಹೇಳ್ತೀನಿ, ಎಲ್ರೂ ಕೇಳಿ. ಆ ಪೆಟ್ಟಿಗೆ ಒಳಗೆ ನಾನು ವೈರು ತಪ್ಪು ಹಾಕಿದೀನಿ. ಅಕ್ಕ ಅದನ್ನ ಹೊರಗಿಂದ ಸರಿ ಮಾಡಿದ್ಲು. ಅವಳು ತಪ್ಪಿ ಉಲ್ಟಾ ಹಾಕಿದ್ಲು ಅಂತ ನಾನು ಅಂದಿದ್ದು ಸುಳ್ಳು. ನೆನಪಿನ ದಿನ ಹಾಳು ಮಾಡಿದ್ದೂ ನಾನೇ."

ಗಡಿಯಾರ ಕೈಯಲ್ಲಿದ್ದ ವೈರನ್ನು ಅವನತ್ತ ಚಾಚಿದ.

"ಮುಳ್ಳನ್ನ ಮುಳ್ಳಿಂದ ತೆಗ್ದಿದಾಳೆ," ಎಂದ ಗಡಿಯಾರ, ಮೆಲ್ಲಗೆ. ಆಮೇಲೆ, "ಮತ್ತೆ ಈಗ ಒಳಗೇ ಸರಿ ಮಾಡ್ಬೋದಲ್ಲಣ್ಣ? ಬಿಚ್ಚಿ ತಿರುಗಿಸಿದ್ರೆ ಆಯ್ತು. ಎರಡು ನಿಮಿಷದ ಕೆಲಸ."

ಅವನ ಮಾತು ಸರಿಯೇ. ಎರಡು ನಿಮಿಷವಲ್ಲದಿದ್ದರೂ ಅರ್ಧ ದಿನದ ಕೆಲಸ. ತಪ್ಪನ್ನು ಪೆಟ್ಟಿಗೆಯೊಳಗೆ ಉಳಿಸಿಕೊಳ್ಳಲು ವಿಜ್ಞಾನದಲ್ಲಿ ಯಾವ ಕಾರಣವೂ ಇಲ್ಲ; ನಾಳೆ ಯಾರೋ ಬೇರೆ ವೈರು ಸಿಕ್ಕಿಸಿದರೆ ಮತ್ತೆ ಅದೇ ಸೊನ್ನೆ. ಬಡಗಿಗೆ ಇದೆಲ್ಲ ತಿಳಿದಿತ್ತು.

"ಮಾಡ್ತೀನಿ," ಎಂದ. "ಇವತ್ತು ಬೇಡ."

ನೀಲಿ ಪಟ್ಟಿಯ ವೈರನ್ನು ಅವನೇ ಬಲದ ಪೆಟ್ಟಿಗೆಗೆ ಸಿಕ್ಕಿಸಿದ. ಗಡಿಯಾರ ಡ್ರಮ್ಮಿನ ಹಿಂದೆ ಕೂತು ಕಾಲು ಒತ್ತಿದ. ಬಡಗಿ ಪೆಟ್ಟಿಗೆಯ ಪಕ್ಕ ನಿಲ್ಲಲಿಲ್ಲ. ಸಭಾಂಗಣದ ನಡುವಿಗೆ, ಅಕ್ಕ ನಿಲ್ಲುತ್ತಿದ್ದ ಜಾಗಕ್ಕೆ, ನಡೆದುಹೋದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ತನ್ನ ಪೆಟ್ಟಿಗೆಗಳನ್ನು ಅಲ್ಲಿಂದ ಸರಿಯಾಗಿ ಕೇಳಿದ. ಸ್ವರ ನೆಲದಿಂದ ಎದ್ದು ಅವನ ಪಾದ, ಮಂಡಿ, ಪಕ್ಕೆಗಳನ್ನು ಹಿಡಿದು ಎದೆಯವರೆಗೆ ಬಂತು. ಬಂಗಾರದ ಹಾಗೆಯೇ ಇತ್ತು.

ಹೆಂಗಿದೆ ಎಂದು ಗಡಿಯಾರ ವೇದಿಕೆಯಿಂದ ಕೈಯಾಡಿಸಿ ಕೇಳಿದ. ಬಡಗಿ ಉತ್ತರ ಕೊಡಬೇಕೆಂದು ಬಾಯಿ ತೆರೆದ. ಆಮೇಲೆ ಭಾವನ ಪಕ್ಕದಲ್ಲಿದ್ದ ಖಾಲಿ ಕುರ್ಚಿಯಲ್ಲಿ ಕೂತುಕೊಂಡ.